ಆನ್ ಬೊಲಿನ್ ಜೀವನಚರಿತ್ರೆಗಳನ್ನು ಓದುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡನ್ನು ಆಳಿದ ಟ್ಯೂಡರ್ ವಂಶದ ಕಾಲದ ರಾಣಿಯರಲ್ಲಿ, ಎಂಟನೆಯ ಹೆನ್ರಿಯ ಎರಡನೆಯ ಹೆಂಡತಿ ಆನ್ ಬೊಲಿನ್ ಬಗ್ಗೆ ಬಂದಷ್ಟು ಪುಸ್ತಕಗಳು ಬೇರೆಯವರ ಬಗ್ಗೆ ಬಂದಿರುವುದು ಅಪರೂಪ. ಒಂದರಲ್ಲಿ ಆಕೆ ಧರ್ಮಸುಧಾರಕಿ, ಇನ್ನೊಂದರಲ್ಲಿ ಅಧಿಕಾರದ ಹಸಿವಿನವಳು, ಮತ್ತೊಂದರಲ್ಲಿ ಪಾಪ, ಬಲಿಪಶು. ಹೊಸದಾಗಿ ಓದಲು ಹೊರಟವರಿಗೆ ತಲೆ ಕೆಡುವುದು ಸಹಜ. ಅಂಥವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ನನಗೆ ತಿಳಿದಷ್ಟು ಉತ್ತರ ಇಲ್ಲಿದೆ.

ಇಂಗ್ಲೆಂಡಿನ ಇತಿಹಾಸ ನನಗೆ ಅಷ್ಟಾಗಿ ಗೊತ್ತಿಲ್ಲ. ಶುರು ಮಾಡುವ ಮುಂಚೆ ಏನು ತಿಳಿದಿರಬೇಕು?

ಜಾಸ್ತಿ ಏನೂ ಬೇಡ. ಎಂಟನೆಯ ಹೆನ್ರಿ 1509ರಲ್ಲಿ ಪಟ್ಟಕ್ಕೆ ಬಂದು ಅರಗಾನಿನ ಕ್ಯಾಥರೀನಳನ್ನು ಮದುವೆಯಾದ. ಅವರಿಗೆ ಉಳಿದದ್ದು ಮೇರಿ ಎಂಬ ಮಗಳು ಮಾತ್ರ. ಗಂಡು ಮಗು ಬೇಕೆಂಬ ಹಂಬಲ ಒಂದು ಕಡೆ, ಆನ್ ಮೇಲಿನ ಆಸೆ ಇನ್ನೊಂದು ಕಡೆ. 1527ರಿಂದ ಅವನು ಮೊದಲ ಮದುವೆಯನ್ನು ರದ್ದು ಮಾಡಿಸಲು ಹೊರಟ. ಪೋಪ್ ಒಪ್ಪಲಿಲ್ಲ. ಕೊನೆಗೆ ಇಂಗ್ಲೆಂಡಿನ ಚರ್ಚೇ ರೋಮ್‌ನಿಂದ ಬೇರೆಯಾಯಿತು.

ಆನ್ ಮದುವೆ 1533ರ ಜನವರಿಯ ಹೊತ್ತಿಗೆ ಗುಟ್ಟಾಗಿ ನಡೆಯಿತು. ಅದೇ ವರ್ಷ ಜೂನ್ 1ರಂದು ಕಿರೀಟಧಾರಣೆ, ಸೆಪ್ಟೆಂಬರ್ 7ರಂದು ಎಲಿಜಬೆತ್ ಹುಟ್ಟಿದಳು. ಮೂರು ವರ್ಷ ತುಂಬುವುದರೊಳಗೆ, 1536ರ ಮೇ 19ರಂದು, ಲಂಡನ್ ಟವರ್‌ನಲ್ಲಿ ಆನ್ ತಲೆ ಕಡಿಸಲಾಯಿತು. ಇಷ್ಟು ಗೊತ್ತಿದ್ದರೆ ಪುಸ್ತಕ ತೆರೆಯಬಹುದು.

ಒಬ್ಬಳೇ ಹೆಂಗಸಿನ ಬಗ್ಗೆ ಒಂದೊಂದು ಪುಸ್ತಕ ಒಂದೊಂದು ಥರ ಹೇಳುವುದು ಯಾಕೆ?

ಆನ್ ತನ್ನ ಬಗ್ಗೆ ತಾನೇ ಬರೆದದ್ದು ನಮ್ಮ ಕೈಗೆ ಬಹಳ ಕಡಿಮೆ ಸಿಕ್ಕಿದೆ. ಕಾರಣ ಅದೇ.

ಹೆನ್ರಿ ಆಕೆಗೆ ಬರೆದ 17 ಪ್ರೇಮಪತ್ರಗಳು ಉಳಿದಿವೆ. ಅವು ಇವತ್ತು ವ್ಯಾಟಿಕನ್ ಗ್ರಂಥಾಲಯದಲ್ಲಿವೆ. ಯಾವುದಕ್ಕೂ ತಾರೀಖಿಲ್ಲ. ಆಕೆ ಬರೆದ ಉತ್ತರಗಳು ಉಳಿದಿಲ್ಲ. ಹಾಗಾಗಿ ಜಗತ್ತಿನ ಅತಿ ಪ್ರಸಿದ್ಧ ಪ್ರೇಮಪ್ರಕರಣವೊಂದರಲ್ಲಿ ನಮಗೆ ಗಂಡಸಿನ ದನಿ ಮಾತ್ರ ಕೇಳಿಸುತ್ತದೆ. ಆಕೆ ಒಲ್ಲೆ ಎಂದಳಾ, ಕಾಯಿಸಿದಳಾ, ಹೆದರಿದ್ದಳಾ, ಪ್ರೀತಿಸಿದಳಾ ಎಂಬುದನ್ನೆಲ್ಲ ಅವನ ಸಾಲುಗಳಿಂದ ಊಹಿಸಬೇಕು. ಒಬ್ಬ ಲೇಖಕರು ಇದನ್ನು ಚಾಣಾಕ್ಷ ಹೆಣ್ಣಿನ ಲೆಕ್ಕಾಚಾರ ಎಂದು ಓದುತ್ತಾರೆ. ಇನ್ನೊಬ್ಬರು, ರಾಜನಿಗೆ ಬೇಡ ಅನ್ನಲಾಗದೆ ಸಿಕ್ಕಿಬಿದ್ದ ಹುಡುಗಿಯನ್ನು ಕಾಣುತ್ತಾರೆ. ಎರಡಕ್ಕೂ ಆಧಾರ ಅವೇ 17 ಪತ್ರಗಳು.

ಉಳಿದ ಸಾಕ್ಷಿಗಳಲ್ಲಿ ಹೆಚ್ಚಿನವು ಆಕೆಯನ್ನು ದ್ವೇಷಿಸಿದವರದ್ದು, ಇಲ್ಲವೇ ಬಹಳ ವರ್ಷಗಳ ಮೇಲೆ ಹೊಗಳಲೆಂದೇ ಬರೆದವರದ್ದು. ಮಗಳು ಎಲಿಜಬೆತ್ ರಾಣಿಯಾದ ಮೇಲೆ ಪ್ರೊಟೆಸ್ಟೆಂಟ್ ಲೇಖಕರು ಆನ್‌ಳನ್ನು ಹೆಚ್ಚುಕಡಿಮೆ ಸಂತಳನ್ನಾಗಿ ಮಾಡಿದರು. ಎಲಿಜಬೆತ್‌ಳನ್ನು ಒಪ್ಪದ ಕ್ಯಾಥೊಲಿಕ್ ಲೇಖಕರು ಅವಳ ತಾಯಿಗೆ ಮಸಿ ಬಳಿದರು. ಜೀವನಚರಿತ್ರೆ ಬರೆಯುವವರು ಈ ಎರಡು ರಾಶಿಗಳಿಂದ ಹೆಕ್ಕಬೇಕು. ಯಾರು ಯಾವ ರಾಶಿಗೆ ಹೆಚ್ಚು ಕೈ ಹಾಕಿದ್ದಾರೆ ಎಂದು ಗಮನಿಸಿದರೆ ಪುಸ್ತಕದ ಒಲವು ತಾನಾಗಿ ತಿಳಿಯುತ್ತದೆ.

ಶಾಪ್ವಿ, ಶಾಪ್ವಿ ಎಂದು ಎಲ್ಲ ಪುಸ್ತಕಗಳಲ್ಲೂ ಬರುತ್ತದೆ. ಯಾರು ಇವನು? ನಂಬಬಹುದಾ?

ಯೂಸ್ಟಸ್ ಶಾಪ್ವಿ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ರಾಯಭಾರಿ. ಇಂಗ್ಲೆಂಡಿಗೆ ಬಂದದ್ದು 1529ರಲ್ಲಿ. ಚಾರ್ಲ್ಸ್ ಬೇರೆ ಯಾರೂ ಅಲ್ಲ, ಕ್ಯಾಥರೀನಳ ಅಕ್ಕನ ಮಗ. ಹಾಗಾಗಿ ಶಾಪ್ವಿಯ ನಿಷ್ಠೆ ಯಾವ ಕಡೆ ಎಂಬುದರಲ್ಲಿ ಅನುಮಾನವೇ ಇಲ್ಲ. ಆನ್ ರಾಣಿಯಾದ ಮೇಲೂ ಅವನು ತನ್ನ ಪತ್ರಗಳಲ್ಲಿ ಆಕೆಯನ್ನು ರಾಜನ ಸೂಳೆ ಎಂಬಂತೆಯೇ ಕರೆಯುತ್ತಿದ್ದ. ವರ್ಷಗಟ್ಟಲೆ ಆಕೆಯ ಎದುರಿಗೆ ಬಾರದಂತೆ ನೋಡಿಕೊಂಡ. 1536ರ ಏಪ್ರಿಲ್ 18ರಂದು ಗ್ರೀನಿಚ್‌ನ ಪ್ರಾರ್ಥನಾಮಂದಿರದಲ್ಲಿ ಆಕೆಗೆ ತಲೆ ಬಾಗಿಸಿದ. ಆಗ ಆಕೆಯ ಆಯಸ್ಸು ಇನ್ನೊಂದು ತಿಂಗಳಷ್ಟೇ ಇತ್ತು.

ಆದರೂ ಅವನನ್ನು ಬಿಟ್ಟು ಈ ಕಥೆ ಬರೆಯಲಾಗದು. ಅವನಷ್ಟು ಉದ್ದವಾಗಿ, ಬಿಡದೆ, ಆಸ್ಥಾನದ ಸುದ್ದಿ ಬರೆದವರು ಇಲ್ಲ. ನಾನು ಅವನನ್ನು ಓದುವುದು ಹೀಗೆ. ಆನ್ ಬಗ್ಗೆ ಕೆಟ್ಟ ಸುದ್ದಿ ಕೊಟ್ಟರೆ, ಅವನಿಗೆ ಅದನ್ನು ಹೇಳಿದವರು ಯಾರು ಎಂದು ಮೊದಲು ನೋಡುತ್ತೇನೆ. ಎಷ್ಟೋ ಸಲ ಅದು ಮೂರನೆಯವರ ಬಾಯಿಂದ ಬಂದ ಮಾತು. ಆಕೆಯ ಪರವಾಗಿ ಏನಾದರೂ ಬರೆದರೆ ಮಾತ್ರ ಅಲ್ಲೇ ನಿಂತು ಇನ್ನೊಮ್ಮೆ ಓದುತ್ತೇನೆ. ಆಕೆಯೊಂದಿಗೆ ಸೆರೆಯಾದ ಗಂಡಸರಲ್ಲಿ ಕೆಲವರಿಗೆ ಸರಿಯಾದ ಪುರಾವೆ, ತಪ್ಪೊಪ್ಪಿಗೆ ಎರಡೂ ಇಲ್ಲದೆ, ಬರೀ ಅನುಮಾನದ ಮೇಲೆ ಶಿಕ್ಷೆಯಾಯಿತು ಎಂದು ಬರೆದವನು ಇದೇ ಶಾಪ್ವಿ. ಸಾಯುವ ಮುನ್ನ ಆನ್ ಪವಿತ್ರ ಪ್ರಸಾದ ಸ್ವೀಕರಿಸುವ ಮುಂಚೆ ಮತ್ತು ನಂತರ, ತಾನು ರಾಜನಿಗೆ ದ್ರೋಹ ಮಾಡಿಲ್ಲ ಎಂದು ಆಣೆ ಇಟ್ಟಳು ಎಂಬುದನ್ನೂ ಅವನೇ ದಾಖಲಿಸಿದ್ದಾನೆ. ಶತ್ರುವಿನ ಕೈಯಿಂದ ಬಂದ ಈ ಸಾಲುಗಳ ತೂಕವೇ ಬೇರೆ.

ಮೊದಲು ಯಾವ ಪುಸ್ತಕ ಓದಲಿ?

ಎರಿಕ್ ಐವ್ಸ್ ಅವರದ್ದು. ಅವರು 1986ರಲ್ಲಿ ಮೊದಲು ಬರೆದು, 2004ರಲ್ಲಿ ಅದನ್ನು ತಿದ್ದಿ ಬೆಳೆಸಿ ಹೊಸ ಹೆಸರಿನಲ್ಲಿ ಹೊರತಂದರು. ಕೊಳ್ಳುವುದಾದರೆ 2004ರದ್ದನ್ನು ಕೊಳ್ಳಿ. ದಪ್ಪ ಪುಸ್ತಕ, ಕೆಲವು ಅಧ್ಯಾಯಗಳು ನಿಧಾನ. ಆಕೆಯ ಬಳಿ ಇದ್ದ ಪುಸ್ತಕಗಳು, ಚಿತ್ರಗಳು, ಅರಮನೆಯ ಅಲಂಕಾರದ ಬಗ್ಗೆ ಬರುವ ಭಾಗಗಳನ್ನು ಬೇಕಾದರೆ ಮೊದಲ ಓದಿನಲ್ಲಿ ದಾಟಿಕೊಂಡು ಹೋಗಿ, ಆಮೇಲೆ ತಿರುಗಿ ಬನ್ನಿ. ಖಂಡಿತ ಬನ್ನಿ, ಯಾಕೆಂದರೆ ಆನ್ ಎಷ್ಟು ಓದಿಕೊಂಡಿದ್ದಳು ಎಂಬುದು ಕಾಣುವುದು ಅಲ್ಲೇ.

ಪ್ರತಿ ಹೆಜ್ಜೆಯಲ್ಲೂ 'ಇದು ನಮಗೆ ಹೇಗೆ ಗೊತ್ತು' ಎಂಬುದನ್ನು ಐವ್ಸ್ ತೋರಿಸುತ್ತಾರೆ. ನನಗೆ ಅವರು ಇಷ್ಟವಾಗುವುದು ಅದಕ್ಕೇ. ಅವರ ತೀರ್ಮಾನ ನಿಮಗೆ ಒಪ್ಪಿಗೆಯಾಗದಿದ್ದರೂ, ವಾದ ಮಾಡಲು ಬೇಕಾದ ಸಾಮಗ್ರಿಯನ್ನು ಅವರೇ ನಿಮ್ಮ ಕೈಗೆ ಕೊಟ್ಟಿರುತ್ತಾರೆ.

ಒಂದು ಒಳ್ಳೆಯ ಪುಸ್ತಕ ಓದಿದರೆ ಸಾಲದಾ? ಎರಡನೆಯದು ಯಾಕೆ?

ಸಾಲದು. ಆನ್ ವಿಷಯದಲ್ಲಂತೂ ಒಂದೇ ಪುಸ್ತಕ ಓದಿದವರಿಗೆ ಉತ್ತರ ಸಿಗುತ್ತದೆ, ಪ್ರಶ್ನೆ ಸಿಗುವುದಿಲ್ಲ. ಎರಡನೆಯದು ಮೊದಲನೆಯದರ ಜೊತೆ ಜಗಳ ಆಡುವಂಥದ್ದಾಗಿರಲಿ.

ಆನ್ ಬಿದ್ದದ್ದು ಹೇಗೆ ಎಂಬ ಒಂದೇ ಪ್ರಶ್ನೆ ತೆಗೆದುಕೊಳ್ಳಿ. ಐವ್ಸ್ ಪ್ರಕಾರ ಅದು ರಾಜನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೂಡಿದ ಸಂಚು. ಮುಚ್ಚಲಿದ್ದ ಮಠಗಳ ಆಸ್ತಿಯನ್ನು ಏನು ಮಾಡಬೇಕು, ವಿದೇಶಾಂಗ ನೀತಿ ಯಾವ ಕಡೆ ತಿರುಗಬೇಕು ಎಂಬುದರಲ್ಲಿ ಆನ್‌ಗೂ ಕ್ರಾಮ್‌ವೆಲ್‌ಗೂ ಬಿರುಕು ಬಿದ್ದಿತ್ತು. ರೆಥಾ ವಾರ್ನಿಕ್ 1989ರ ತಮ್ಮ ಪುಸ್ತಕದಲ್ಲಿ ಬೇರೆ ದಾರಿ ಹಿಡಿದರು. 1536ರ ಜನವರಿ 29ರಂದು ಆಕೆಗೆ ಗರ್ಭಪಾತವಾಯಿತು. ಆ ಶಿಶು ವಿಕಾರವಾಗಿತ್ತು, ಅದೇ ಎಲ್ಲಕ್ಕೂ ಮೂಲ ಎಂದರು. ಆ ಕಾಲದ ಯಾವ ದಾಖಲೆಯೂ ಅದನ್ನು ಹೇಳುವುದಿಲ್ಲ, ಹಾಗಾಗಿ ಹೆಚ್ಚಿನ ವಿದ್ವಾಂಸರು ಒಪ್ಪಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ಆ ಕಾಲದವರು ಹೆರಿಗೆ, ಪಾಪ, ಶಕುನಗಳನ್ನು ಹೇಗೆ ನೋಡುತ್ತಿದ್ದರು ಎಂಬ ಬಗ್ಗೆ ವಾರ್ನಿಕ್ ಬರೆದದ್ದು ಓದಲೇಬೇಕಾದ್ದು. ಇನ್ನು 2010ರಲ್ಲಿ ಜಿ. ಡಬ್ಲ್ಯೂ. ಬರ್ನಾರ್ಡ್ ಬಂದು, ಆರೋಪಗಳಲ್ಲಿ ಸ್ವಲ್ಪ ನಿಜವೂ ಇರಬಹುದಲ್ಲ ಎಂದರು. ಅವರನ್ನು ಓದುವಾಗ ನನಗೆ ಸಿಟ್ಟು ಬರುತ್ತದೆ. ಆದರೆ ಅವರು ಎತ್ತುವ ಪ್ರಶ್ನೆಗಳಿಗೆ ಉತ್ತರ ಹುಡುಕಿದ ಮೇಲೆ ಆನ್ ನಿರಪರಾಧಿ ಎಂಬ ನನ್ನ ನಂಬಿಕೆ ಗಟ್ಟಿಯಾಗಿದೆ.

ಹಾಗಾದರೆ ಆಕೆ ತಪ್ಪು ಮಾಡಿರಲಿಲ್ಲವೇ?

ಮಾಡಿರಲಿಲ್ಲ ಎಂದೇ ನನ್ನ ನಿಲುವು. ಹೆಚ್ಚಿನ ಇತಿಹಾಸಕಾರರದ್ದೂ ಅದೇ.

ಆರೋಪ ಏನಿತ್ತು ನೋಡಿ. ಐದು ಮಂದಿ ಗಂಡಸರ ಜೊತೆ ಸಂಬಂಧ, ರಾಜನನ್ನು ಕೊಲ್ಲುವ ಸಂಚು. ಆ ಐವರು ಹೆನ್ರಿ ನಾರಿಸ್, ಫ್ರಾನ್ಸಿಸ್ ವೆಸ್ಟನ್, ವಿಲಿಯಂ ಬ್ರೆರೆಟನ್, ಸಂಗೀತಗಾರ ಮಾರ್ಕ್ ಸ್ಮೀಟನ್ ಮತ್ತು ಆಕೆಯ ಸ್ವಂತ ಒಡಹುಟ್ಟಿದ ಜಾರ್ಜ್. ತಪ್ಪು ಒಪ್ಪಿಕೊಂಡವನು ಸ್ಮೀಟನ್ ಒಬ್ಬನೇ. ಐವರಲ್ಲಿ ಹಿಂದೆ ಮುಂದೆ ಯಾರೂ ಇಲ್ಲದ ಬಡ ಮನೆಯ ಹುಡುಗನೂ ಅವನೇ.

ಆರೋಪಪಟ್ಟಿ ಉಳಿದಿದೆ. ಅದರಲ್ಲಿ ತಾರೀಖು, ಜಾಗ ಎಲ್ಲ ಬರೆದಿದ್ದಾರೆ. ಅದೇ ಅದನ್ನು ಬರೆದವರಿಗೆ ಮುಳುವಾಯಿತು. 1533ರ ಅಕ್ಟೋಬರ್‌ನಲ್ಲಿ ಆಕೆ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ನಾರಿಸ್‌ನ ಜೊತೆ ಇದ್ದಳು ಎಂದು ಒಂದು ಕಡೆ ಇದೆ. ಆಗ ಆಕೆ ಗ್ರೀನಿಚ್‌ನಲ್ಲಿ ಹಸಿ ಬಾಣಂತಿ, ಎಲಿಜಬೆತ್‌ಗೆ ಒಂದು ತಿಂಗಳಾಗಿತ್ತಷ್ಟೆ. ಹೀಗೆ ಒಂದೊಂದೇ ತಾರೀಖನ್ನು ತಾಳೆ ಹಾಕಿ ನೋಡಿದ ಐವ್ಸ್, ಸುಮಾರು ಮುಕ್ಕಾಲು ಪಾಲು ಆರೋಪಗಳು ಸುಳ್ಳೆಂದು ಇವತ್ತಿಗೂ ತೋರಿಸಬಹುದು ಎನ್ನುತ್ತಾರೆ. ಆಕೆ ಒಂದು ಕಡೆ, ಗಂಡಸು ಇನ್ನೊಂದು ಕಡೆ.

ಇನ್ನು ವಿಚಾರಣೆಯ ಕ್ರಮ. ನಾರಿಸ್, ವೆಸ್ಟನ್, ಬ್ರೆರೆಟನ್, ಸ್ಮೀಟನ್ ಈ ನಾಲ್ವರಿಗೆ ಮೇ 12ರಂದೇ ಶಿಕ್ಷೆಯಾಯಿತು. ರಾಣಿಯ ವಿಚಾರಣೆ ನಡೆದದ್ದು ಮೇ 15ಕ್ಕೆ. ಅಂದರೆ ಆಕೆ ಬಾಯಿ ತೆರೆಯುವ ಮೊದಲೇ, ಆಕೆಯ ಜೊತೆ ಹಾದರ ಮಾಡಿದರೆಂದು ನಾಲ್ವರನ್ನು ಅಪರಾಧಿಗಳೆಂದು ಸಾರಿಯಾಗಿತ್ತು. ತೀರ್ಪು ಓದಿದವನು ಆಕೆಯ ಸೋದರಮಾವ, ನಾರ್‌ಫೋಕ್‌ನ ಡ್ಯೂಕ್. ಐವರು ಗಂಡಸರೂ ಮೇ 17ರಂದು ಸತ್ತರು. ಅದೇ ದಿನ ಆರ್ಚ್‌ಬಿಷಪ್ ಕ್ರಾನ್ಮರ್ ಮದುವೆಯನ್ನೇ ರದ್ದು ಮಾಡಿದ. ಆಕೆ ಹೆಂಡತಿಯೇ ಅಲ್ಲ ಎಂದ ಮೇಲೆ ಹಾದರ ಹೇಗಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಮೇ 30ರಂದು ಹೆನ್ರಿ ಜೇನ್ ಸೀಮೋರ್‌ಳನ್ನು ಮದುವೆಯಾದ, ಆನ್ ಸತ್ತು ಹನ್ನೊಂದೇ ದಿನಕ್ಕೆ.

ಸಾಕ್ಷಿಗಳ ಹೇಳಿಕೆಗಳು ಉಳಿದಿಲ್ಲ. ಯಾವ ಪುಸ್ತಕವಾದರೂ 'ಕೋರ್ಟಿನಲ್ಲಿ ಇಂಥವರು ಇಂಥ ಸಾಕ್ಷಿ ಹೇಳಿದರು' ಎಂದು ಭರವಸೆಯಿಂದ ಬರೆದಿದ್ದರೆ, ಅದಕ್ಕೆ ಆಧಾರ ಏನು ಕೊಟ್ಟಿದ್ದಾರೆ ಎಂದು ಅಡಿಟಿಪ್ಪಣಿ ತೆರೆದು ನೋಡಿ.

ಆಕೆಯ ಸ್ವಂತ ಮಾತು ಎಲ್ಲೂ ಸಿಗುವುದಿಲ್ಲವಾ?

ಸಿಗುತ್ತದೆ, ಸೆರೆಮನೆಯಲ್ಲಿ. ಟವರ್‌ನ ಅಧಿಕಾರಿ ವಿಲಿಯಂ ಕಿಂಗ್‌ಸ್ಟನ್, ಆಕೆ ಅಲ್ಲಿದ್ದಾಗ ಆಡಿದ ಮಾತುಗಳನ್ನು ಕ್ರಾಮ್‌ವೆಲ್‌ಗೆ ಬರೆದು ಕಳಿಸುತ್ತಿದ್ದ. ಆಕೆಯ ಸುತ್ತ ಇಟ್ಟಿದ್ದ ಹೆಂಗಸರ ಕೆಲಸವೂ ಅದೇ, ಮಾತು ಹೆಕ್ಕಿ ಒಪ್ಪಿಸುವುದು. ಹೀಗೆ ಕದ್ದು ಕೇಳಿದ್ದರಿಂದಲೇ ಆಕೆಯ ದನಿ ನಮ್ಮ ತನಕ ಬಂದಿದೆ. ಆ ಪತ್ರಗಳಲ್ಲಿ ಆಕೆ ಅಳುತ್ತಾಳೆ, ಇದ್ದಕ್ಕಿದ್ದಂತೆ ನಗುತ್ತಾಳೆ, ಅಮ್ಮನನ್ನು ನೆನೆಯುತ್ತಾಳೆ. ಕೊನೆಗೆ, ಕತ್ತಿ ಹಿಡಿಯುವವನು ನುರಿತವನಂತೆ, ನನ್ನ ಕತ್ತು ಸಣ್ಣದು ಎಂದು ಎರಡೂ ಕೈಯಿಂದ ಕತ್ತು ಹಿಡಿದು ಜೋರಾಗಿ ನಗುತ್ತಾಳೆ. ಎಷ್ಟು ಸಲ ಓದಿದರೂ ಅಲ್ಲಿ ಎದೆ ಭಾರವಾಗುತ್ತದೆ.

ಈ ಪತ್ರಗಳು 1731ರ ಒಂದು ಬೆಂಕಿ ಅನಾಹುತದಲ್ಲಿ ಅಂಚು ಸುಟ್ಟು ಹಾಳಾದವು. ಜಾನ್ ಸ್ಟ್ರೈಪ್ ಎಂಬವರು ಅದಕ್ಕೂ ಮುಂಚೆ ಅವುಗಳನ್ನು ಓದಿ ಮುದ್ರಿಸಿದ್ದರಿಂದ ಸುಟ್ಟುಹೋದ ಸಾಲುಗಳಲ್ಲಿ ಕೆಲವು ಉಳಿದವು. ಜೀವನಚರಿತ್ರೆಗಳಲ್ಲಿ ಈ ಪತ್ರಗಳ ಸಾಲುಗಳ ನಡುವೆ ಚುಕ್ಕಿಗಳು ಕಾಣುವುದು ಅದಕ್ಕೇ.

ಮೇ 6ರಂದು ಆಕೆ ಟವರ್‌ನಿಂದ ರಾಜನಿಗೆ ಬರೆದಳು ಎನ್ನುವ ಚೆಂದದ ಪತ್ರವೊಂದನ್ನೂ ಹಲವರು ಉದ್ಧರಿಸುತ್ತಾರೆ. ಅದು ಆಕೆಯದ್ದೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಅದನ್ನು ಪ್ರಶ್ನೆಯೇ ಮಾಡದೆ ಬಳಸಿದ ಪುಸ್ತಕವನ್ನು ಸ್ವಲ್ಪ ಹುಷಾರಾಗಿ ಓದಿ.

ಆರು ಬೆರಳಿತ್ತಂತೆ, ಮಾಟಗಾತಿಯಂತೆ, ನಿಜವೇ?

ಆರನೆಯ ಬೆರಳು, ಮುಂದೆ ಚಾಚಿದ ಹಲ್ಲು, ಗಲ್ಲದ ಕೆಳಗೆ ಗಂಟು ಇವನ್ನೆಲ್ಲ ಬರೆದವನು ನಿಕೊಲಸ್ ಸ್ಯಾಂಡರ್. ಅವನ ಪುಸ್ತಕ ಅಚ್ಚಾದದ್ದು 1585ರಲ್ಲಿ, ಆನ್ ಸತ್ತು ಸುಮಾರು 50 ವರ್ಷದ ಮೇಲೆ. ಎಲಿಜಬೆತ್‌ಳ ಆಳ್ವಿಕೆಯನ್ನು ಒಪ್ಪದೆ ದೇಶ ಬಿಟ್ಟ ಕ್ಯಾಥೊಲಿಕ್ ಪಾದ್ರಿ ಅವನು. ಆನ್ ಸತ್ತಾಗ ಅವನಿನ್ನೂ ಚಿಕ್ಕ ಮಗು. ಒಂದು ಬೆರಳಿನ ಉಗುರಿನ ಪಕ್ಕ ಸಣ್ಣ ಗುರುತಿತ್ತು ಎಂದು ಆಕೆಯ ಪರವಾಗಿ ಬರೆದ ಜಾರ್ಜ್ ವಯಟ್ ಹೇಳುತ್ತಾನೆ, ಅಷ್ಟೆ.

ಮಾಟದ ಆರೋಪ ಆರೋಪಪಟ್ಟಿಯಲ್ಲಿ ಇಲ್ಲವೇ ಇಲ್ಲ. ನನಗೆ ಮೋಡಿ ಹಾಕಿ ಮದುವೆಯಾದಳು ಎಂದು ಹೆನ್ರಿ ಯಾರ ಹತ್ತಿರವೋ ಹೇಳಿದನೆಂಬ ಗಾಳಿಮಾತು ಶಾಪ್ವಿಯ ಪತ್ರದಲ್ಲಿದೆ. ಉಳಿದದ್ದೆಲ್ಲ ಆಮೇಲೆ ಬೆಳೆದದ್ದು.

ಹುಟ್ಟಿದ ವರ್ಷ ಒಂದರಲ್ಲಿ 1501, ಇನ್ನೊಂದರಲ್ಲಿ 1507. ಇದು ಅಷ್ಟು ಮುಖ್ಯವಾ?

ತುಂಬಾ. 1513ರಲ್ಲಿ ಆನ್‌ಳನ್ನು ಈಗಿನ ಬೆಲ್ಜಿಯಂನ ಮೆಖೆಲೆನ್‌ಗೆ, ಆಸ್ಟ್ರಿಯಾದ ಮಾರ್ಗರೆಟ್‌ಳ ಆಸ್ಥಾನಕ್ಕೆ ಕಳಿಸಿದರು. ಅಲ್ಲಿಂದ ಅಪ್ಪನಿಗೆ ಫ್ರೆಂಚ್‌ನಲ್ಲಿ ಬರೆದ ಪತ್ರ ಇವತ್ತಿಗೂ ಕೇಂಬ್ರಿಜ್‌ನ ಕಾರ್ಪಸ್ ಕ್ರಿಸ್ಟಿ ಕಾಲೇಜಿನಲ್ಲಿದೆ. ಕಾಗುಣಿತ ತಪ್ಪು ತಪ್ಪಾಗಿದೆ, ಆದರೆ ಕೈಬರಹ ಏಳು ವರ್ಷದ ಮಗುವಿನದ್ದಲ್ಲ ಎಂಬುದು 1501ರ ಪರ ಇರುವವರ ವಾದ. 1507 ಬಂದದ್ದು ವಿಲಿಯಂ ಕ್ಯಾಮ್ಡನ್ ಬಹಳ ಕಾಲದ ನಂತರ ಬರೆದಿಟ್ಟ ಟಿಪ್ಪಣಿಯಿಂದ. ನನಗೆ 1501 ಸರಿ ಅನ್ನಿಸುತ್ತದೆ.

ಆರು ವರ್ಷದ ಅಂತರಕ್ಕೆ ಇಡೀ ಕಥೆ ಬದಲಾಗುತ್ತದೆ. 1536ರಲ್ಲಿ ಮಗು ಕಳೆದುಕೊಂಡಾಗ ಆಕೆಗೆ 28 ಆಗಿದ್ದರೆ ಮುಂದೆ ಮಕ್ಕಳಾಗುವ ಆಸೆ ಇತ್ತು. 35ರ ಸುಮಾರು ಆಗಿದ್ದರೆ, ಗಂಡು ಮಗುವಿಗಾಗಿ ಒಂದು ಚರ್ಚನ್ನೇ ಒಡೆದ ಗಂಡನ ಮುಂದೆ ಆಕೆಗೆ ಉಳಿದ ಕಾಲ ಕಡಿಮೆ. ಹಾಗಾಗಿ ಯಾವ ಜೀವನಚರಿತ್ರೆಯನ್ನೇ ಆಗಲಿ ಕೊಳ್ಳುವ ಮುಂಚೆ, ಹುಟ್ಟಿದ ವರ್ಷದ ಬಗ್ಗೆ ಲೇಖಕರು ಏನು ಹೇಳಿದ್ದಾರೆ ಎಂದು ನೋಡಿ. ಕಾರಣ ಕೊಡದೆ ಒಂದು ವರ್ಷ ಬರೆದು ಮುಂದೆ ಹೋಗಿದ್ದರೆ ಉಳಿದ ಕಡೆಯೂ ಹಾಗೇ ಮಾಡಿರಬಹುದು.

ಎಲ್ಲರ ಹೆಸರೂ ಥಾಮಸ್! ಹೇಗೆ ನೆನಪಿಟ್ಟುಕೊಳ್ಳುವುದು?

ವುಲ್ಸಿ, ಮೋರ್, ಕ್ರಾಮ್‌ವೆಲ್, ಕ್ರಾನ್ಮರ್, ವಯಟ್, ನಾರ್‌ಫೋಕ್‌ನ ಡ್ಯೂಕ್, ಆನ್ ತಂದೆ ಎಲ್ಲರೂ ಥಾಮಸ್‌ಗಳೇ. ಮನೆತನದ ಹೆಸರಿನಿಂದ ಮಾತ್ರ ನೆನಪಿಟ್ಟುಕೊಳ್ಳಿ. ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳುತ್ತಾ ಹೋದರೆ ಇನ್ನೂ ಸುಲಭ. ಬಿರುದುಗಳೂ ಬದಲಾಗುತ್ತವೆ. ಥಾಮಸ್ ಬೊಲಿನ್ 1525ರಲ್ಲಿ ವೈಕೌಂಟ್ ರಾಚ್‌ಫರ್ಡ್, 1529ರಲ್ಲಿ ವಿಲ್ಟ್‌ಶರ್‌ನ ಅರ್ಲ್. ಆಮೇಲೆ ರಾಚ್‌ಫರ್ಡ್ ಎಂದರೆ ಮಗ ಜಾರ್ಜ್.

ತಾರೀಖಿನಲ್ಲೂ ಒಂದು ತೊಡಕಿದೆ. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷದ ಲೆಕ್ಕ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ನಾವು 1533ರ ಜನವರಿ ಎನ್ನುವುದನ್ನು ಆ ಕಾಲದ ದಾಖಲೆ 1532 ಎನ್ನುತ್ತದೆ. ಎರಡು ಪುಸ್ತಕಗಳಲ್ಲಿ ಒಂದು ವರ್ಷದ ವ್ಯತ್ಯಾಸ ಕಂಡರೆ ಮೊದಲು ಇದನ್ನು ಅನುಮಾನಿಸಿ.

ಕಾದಂಬರಿ, ಸೀರಿಯಲ್ ನೋಡಿಯೇ ನನಗೆ ಆಸಕ್ತಿ ಬಂದದ್ದು. ಅವನ್ನು ಬಿಡಬೇಕಾ?

ಬೇಡ. ಎಷ್ಟೋ ಜನ ಈ ಓದಿಗೆ ಬರುವುದೇ ಆ ಬಾಗಿಲಿನಿಂದ. ಆದರೆ ಕಾದಂಬರಿಯಲ್ಲಿ ಓದಿದ ಒಂದು ದೃಶ್ಯ ತಲೆಯಲ್ಲಿ ಕೂತರೆ, ಜೀವನಚರಿತ್ರೆ ಓದುವಾಗಲೂ ಅದೇ ಕಾಣಿಸುತ್ತದೆ. ಅಕ್ಕ ತಂಗಿಯರ ಹೊಟ್ಟೆಕಿಚ್ಚಿನ ಕಥೆ ಅಂಥದ್ದು. ಆನ್‌ಳ ಒಡಹುಟ್ಟಿದವಳಾದ ಮೇರಿ ಬೊಲಿನ್ ಬಗ್ಗೆ ಖಚಿತವಾಗಿ ಗೊತ್ತಿರುವುದು ಕೆಲವೇ ಪುಟಗಳಷ್ಟು. ಅಕ್ಕ ಯಾರು, ತಂಗಿ ಯಾರು ಎಂಬುದಕ್ಕೇ ಬಹಳ ಚರ್ಚೆ ನಡೆದಿದೆ.

ಮುಖಪುಟದಲ್ಲಿ ಇರುವ, ಕತ್ತಿನಲ್ಲಿ 'ಬಿ' ಅಕ್ಷರದ ಪದಕವಿರುವ ಚಿತ್ರ ಆಕೆಯದ್ದೇನಾ?

ಅದು ಆಕೆ ಸತ್ತು ದಶಕಗಳಾದ ಮೇಲೆ, 16ನೆಯ ಶತಮಾನದ ಕೊನೆಯ ಹೊತ್ತಿಗೆ ಮಾಡಿದ ಪ್ರತಿ. ಆಕೆ ಬದುಕಿದ್ದಾಗಲೇ ಮಾಡಿದ್ದು ಎಂದು ಖಚಿತವಾಗಿ ಹೇಳಬಹುದಾದದ್ದು 1534ರ ಒಂದು ಪದಕ. ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಮುಖದ ಮೂಗಿನ ಭಾಗವೇ ಜಜ್ಜಿಹೋಗಿದೆ.

ದುಡ್ಡು ಕೊಡದೆ ಓದಲು ಏನು ಸಿಗುತ್ತದೆ?

ಪಾಲ್ ಫ್ರೀಡ್‌ಮನ್ 1884ರಲ್ಲಿ ಎರಡು ಸಂಪುಟಗಳಲ್ಲಿ ಬರೆದ ಜೀವನಚರಿತ್ರೆ ಇಂಟರ್ನೆಟ್ ಆರ್ಕೈವ್‌ನಲ್ಲಿದೆ. ಹಳೆಯದಾದರೂ ಶ್ರದ್ಧೆಯಿಂದ ಬರೆದದ್ದು. ಆದರೆ ಶಾಪ್ವಿಯನ್ನು ಜಾಸ್ತಿಯೇ ನೆಚ್ಚಿಕೊಂಡಿದೆ, ಆದ್ದರಿಂದ ಆನ್ ಅಲ್ಲಿ ಕಠಿಣವಾಗಿ ಕಾಣುತ್ತಾಳೆ.

ಅದಕ್ಕಿಂತ ದೊಡ್ಡ ನಿಧಿ ಎಂಟನೆಯ ಹೆನ್ರಿಯ ಕಾಲದ ಪತ್ರ, ಕಾಗದಗಳ ಸಾರವನ್ನು ಕಾಲಕ್ರಮದಲ್ಲಿ ಕೊಡುವ 'ಲೆಟರ್ಸ್ ಅಂಡ್ ಪೇಪರ್ಸ್' ಎಂಬ ದೊಡ್ಡ ಸಂಪುಟಮಾಲೆ. ಅದರ 10ನೆಯ ಸಂಪುಟ 1536ರ ಜನವರಿಯಿಂದ ಜೂನ್‌ವರೆಗಿನದ್ದು. ಜೀವನಚರಿತ್ರೆ ಓದುತ್ತಾ ಪಕ್ಕದಲ್ಲಿ ಅದನ್ನು ತೆರೆದಿಟ್ಟುಕೊಳ್ಳಿ. ಮೇ ತಿಂಗಳ ಪುಟಗಳಲ್ಲಿ ಕಿಂಗ್‌ಸ್ಟನ್, ಕ್ರಾನ್ಮರ್, ಶಾಪ್ವಿ ಮೂವರೂ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಒಂದು ಎಚ್ಚರ ಬೇಕು: ಅಲ್ಲಿರುವುದರಲ್ಲಿ ಹೆಚ್ಚಿನದು ಸಾರಾಂಶ, ಪೂರ್ತಿ ಪತ್ರವಲ್ಲ.

ಇಂಗ್ಲೆಂಡಿನಲ್ಲಿ ಇದ್ದೇವೆ. ಓದಿನ ಜೊತೆ ಏನು ನೋಡಬಹುದು?

ಕೆಂಟ್‌ನ ಹೀವರ್ ಕೋಟೆ ಆಕೆ ಬೆಳೆದ ಮನೆ. ಆಕೆಯ ಕೈಬರಹ ಇರುವ ಪ್ರಾರ್ಥನಾಪುಸ್ತಕಗಳು ಅಲ್ಲಿವೆ. ಟವರ್‌ಗೆ ಹೋದರೆ ಒಳಗಿನ ಸೇಂಟ್ ಪೀಟರ್ ಚರ್ಚನ್ನು ತಪ್ಪಿಸಬೇಡಿ, ಆಕೆಯನ್ನು ಹೂಳಿದ್ದು ಅಲ್ಲೇ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಚಾಪೆಲ್‌ನಲ್ಲಿ ಮರದ ದೊಡ್ಡ ಪರದೆಯ ಮೇಲೆ ಹೆನ್ರಿ ಮತ್ತು ಆನ್ ಹೆಸರಿನ ಮೊದಲ ಅಕ್ಷರಗಳನ್ನು ಹೆಣೆದು ಕೆತ್ತಿದ್ದಾರೆ. ಆಕೆ ಸತ್ತ ಮೇಲೆ ಅವನ್ನು ಅಳಿಸದೆ ಬಿಟ್ಟದ್ದು ನಮ್ಮ ಅದೃಷ್ಟ.

ಆನ್ ನಂತರ ಯಾರನ್ನು ಓದಲಿ?

ನನ್ನನ್ನು ಕೇಳಿದರೆ ಅರಗಾನಿನ ಕ್ಯಾಥರೀನಳನ್ನು. ಆನ್‌ಳನ್ನು ಇಷ್ಟಪಟ್ಟವರು ಕ್ಯಾಥರೀನಳನ್ನು ಅಳುಬುರುಕ ಮೊದಲ ಹೆಂಡತಿ ಎಂದುಕೊಂಡು ಬಿಟ್ಟುಬಿಡುತ್ತಾರೆ. ಅದು ಅನ್ಯಾಯ. ಮದುವೆಗೂ ಮುಂಚೆ ಅಪ್ಪನ ಪರವಾಗಿ ರಾಯಭಾರದ ಕೆಲಸ ಮಾಡಿದವಳು ಆಕೆ. 1513ರಲ್ಲಿ ಹೆನ್ರಿ ಫ್ರಾನ್ಸ್‌ನಲ್ಲಿದ್ದಾಗ ಇಂಗ್ಲೆಂಡಿನ ಆಡಳಿತ ಆಕೆಯ ಕೈಯಲ್ಲಿತ್ತು. ಸ್ಕಾಟ್ಲೆಂಡಿನ ಸೈನ್ಯವನ್ನು ಫ್ಲಾಡನ್‌ನಲ್ಲಿ ಸೋಲಿಸಿದ್ದು ಆಗಲೇ. ಆಕೆಯ ಪತ್ರಗಳೂ ಸಾಕಷ್ಟು ಉಳಿದಿವೆ.

ಆಮೇಲೆ ಜಾರ್ಜ್‌ನ ಹೆಂಡತಿ ಜೇನ್ ಬೊಲಿನ್. ಗಂಡನ ವಿರುದ್ಧ ಸಾಕ್ಷಿ ಹೇಳಿ ಕೊಲ್ಲಿಸಿದಳು ಎಂಬ ಕಳಂಕ ಆಕೆಯ ಮೇಲಿದೆ. ಅದಕ್ಕೆ ಇರುವ ಪುರಾವೆ ಎಷ್ಟು ತೆಳು ಎಂಬುದನ್ನು ಈ ಹೊತ್ತಿಗೆ ನೀವೇ ಅಳೆಯಬಲ್ಲಿರಿ. ಎಲಿಜಬೆತ್‌ಳನ್ನು ಕೊನೆಗೆ ಇಟ್ಟುಕೊಳ್ಳಿ. ಆಕೆಯ ಆಳ್ವಿಕೆ 44 ವರ್ಷ. 1600ರ ಡಿಸೆಂಬರ್ 31ರಂದು ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟವಳೂ ಆಕೆಯೇ. ಅಲ್ಲಿಂದ ಆ ಕಥೆ ನಮ್ಮ ದೇಶದ ಕಡೆಗೂ ತಿರುಗುತ್ತದೆ.